ಲಾಭ, ಎರಡು, ಮೂರು

ನಮ್ಮ ಮಾವನಷ್ಟು ಓದಿಕೊಂಡವರು ಹಿರಿಯೂರು ಸೀಮೆಯಲ್ಲೇ ಇರಲಿಲ್ಲವೆಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಅವರು ಓದಿದ್ದು ಒಂದೇ ಪುಸ್ತಕ. ಅದೂ ಮಕ್ಕಳ ಪುಸ್ತಕ. ಅದನ್ನೂ ಬಹುಕಾಲ ಓದಿದ್ದು ನನ್ನ ಬಾಯಿಂದ. ಇಂಥ ಸಣ್ಣಪುಟ್ಟ ಕೊರತೆಗಳನ್ನು ಬಿಟ್ಟರೆ ವಿದ್ವತ್ತಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಉಳಿದ ವಿದ್ವಾಂಸರು ಓದಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ, ಸಭೆಯಲ್ಲಿ ಬಿಚ್ಚುತ್ತಾರೆ. ನಮ್ಮ ಮಾವ ಸಂಜೆ ಕೇಳಿದ್ದನ್ನು ಮರುದಿನ ಬೆಳಿಗ್ಗೆ ಹೊಲಕ್ಕೆ ಒಯ್ದು ಬಿತ್ತಿಬಿಡುತ್ತಿದ್ದರು!

ಮಾವ ಎಂದರೆ ನನ್ನ ತಾಯಿಯ ಅಣ್ಣ. ಊರು ಯಲ್ಲದಕೆರೆ. ಕೆಂಪು ನೆಲದ ಸಣ್ಣ ಬೇಸಾಯ. ರಾಗಿ, ಜೋಳ, ಒಂದಿಷ್ಟು ಹುರುಳಿ. ಒಂದು ಜೊತೆ ಎತ್ತು, ಕಾಳಿ ಎಂಬ ಎಮ್ಮೆ, ಮತ್ತು ಮಾವನನ್ನೂ ಸೇರಿಸಿಕೊಂಡು ಇವೆಲ್ಲವನ್ನೂ ಆಳುತ್ತಿದ್ದ ನಮ್ಮ ಅತ್ತೆ. ಅವರಿಗೆ ಮಕ್ಕಳಿರಲಿಲ್ಲ. ಪ್ಲೇಗಿನ ವರ್ಷ ನನ್ನ ತಂದೆತಾಯಿ ಇಬ್ಬರೂ ಹೋದ ಮೇಲೆ, ಹತ್ತು ವರ್ಷದ ನಾನು ಒಂದು ತಗಡಿನ ಪೆಟ್ಟಿಗೆಯೊಂದಿಗೆ ಅವರ ಜಗಲಿಗೆ ಬಂದಿಳಿದೆ. ಹೊಳಲ್ಕೆರೆಯಲ್ಲಿ ನನ್ನ ದೊಡ್ಡಪ್ಪ ಒಬ್ಬರಿದ್ದರು. "ಸದ್ಯಕ್ಕೆ ಮಾವನ ಮನೆಯಲ್ಲಿರಲಿ. ಅವರಿಗೆ ಬೇಡವಾದ ದಿನ ನನ್ನಲ್ಲಿಗೆ ಕಳಿಸಿ, ಬುದ್ಧಿ ಕಲಿಸುತ್ತೇನೆ" ಎಂದು ಅವರು ಹೇಳಿ ಕಳಿಸಿದ್ದರು. ಈ ದೊಡ್ಡಪ್ಪ ತಮ್ಮ ಬುದ್ಧಿಯನ್ನೆಲ್ಲ ಒಂದು ಹುಣಿಸೆ ಬರಲಿನಲ್ಲಿ ಇಟ್ಟುಕೊಂಡಿದ್ದರು. ಬೇಕಾದವರಿಗೆ ಅದರಿಂದಲೇ ತೆಗೆದು ಕೊಡುತ್ತಿದ್ದರು. ಆದ್ದರಿಂದ ಮಾವನ ಮನೆಗೆ ನಾನು 'ಬೇಡವಾಗದೆ' ಇರುವುದು ನನ್ನ ಬೆನ್ನಿನ ಹಿತದೃಷ್ಟಿಯಿಂದ ಬಹಳ ಅಗತ್ಯವಾಗಿತ್ತು.

ನನ್ನಲ್ಲಿದ್ದ ಬಂಡವಾಳವೆಂದರೆ ಅಣಕ. ಶಾನುಭೋಗರ ಕೆಮ್ಮು, ಮೇಷ್ಟ್ರ ಮೂಗಿನ ಮಾತು, ಅತ್ತೆ ಎಮ್ಮೆಯನ್ನು ಬೈಯುವ ರಾಗ, ಎಮ್ಮೆ ಅತ್ತೆಗೆ ಕೊಡುವ ಉತ್ತರ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದವು. ಕಡ್ಡಿ ಕಾಲಿನ ಮೇಲೆ ಮಡಕೆ ತಲೆ ಹೊತ್ತು ನಾನು ನಡೆಯುವ ಚಂದವನ್ನು ನಾನೇ ಅಣಕಿಸಿ ತೋರಿಸಿದರೆ ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕಷ್ಟು ದಿನ ಹೊಳಲ್ಕೆರೆ ದೂರ ಎಂಬುದು ನನ್ನ ಲೆಕ್ಕ.

ಲೆಕ್ಕವೆಂದಾಗ ನೆನಪಾಯಿತು. ಮಾವನ ಲೆಕ್ಕದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಯಾರೂ 'ಒಂದು' ಎನ್ನುವುದಿಲ್ಲ. ಮೊದಲ ಕೊಳಗಕ್ಕೆ 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು, ನಾಲ್ಕು. ಆರರ ತನಕ ಬಂದು, ಏಳಕ್ಕೆ 'ಹೆಚ್ಚು' ಎನ್ನುತ್ತಾರೆ. ರಾಶಿಯ ಮೇಲೆ ಆರಾಮವಾಗಿ ಕುಳಿತ ಲಕ್ಷ್ಮಿಗೆ 'ಏಳು' ಎಂದರೆ ಅವಳು ಎದ್ದೇ ಹೋಗಿಬಿಟ್ಟರೆ? ಇದು ಎಲ್ಲ ಬೇಸಾಯಗಾರರೂ ಮಾಡುವುದೇ. ಆದರೆ ಉಳಿದವರು ಕಣ ದಾಟಿದ ಮೇಲೆ ಲೋಕದಂತೆ ಎಣಿಸುತ್ತಾರೆ. ನಮ್ಮ ಮಾವನಿಗೆ ಇಡೀ ಭೂಮಂಡಲವೇ ಕಣ! ಮುದ್ದೆ ಎಣಿಸಿದರೂ ಲಾಭ, ಮೆಟ್ಟಿಲು ಹತ್ತಿದರೂ ಲಾಭ, ಸೀನು ಬಂದರೂ ಲಾಭ. ಒಮ್ಮೆ ಹಿತ್ತಿಲಲ್ಲಿ ಕಲ್ಲು ಎತ್ತಿದಾಗ ಚೇಳುಗಳ ಸಂಸಾರ ಕಂಡಿತು. ಮಾವ ಅಭ್ಯಾಸಬಲದಿಂದ "ಲಾಭ" ಎಂದು ಕೂಗಿದರು. ಏನೋ ನಿಧಿ ಸಿಕ್ಕಿತೆಂದು ಅತ್ತೆ ಬರಿಗಾಲಲ್ಲಿ ಓಡಿಬಂದರು. ಆ ದಿನ ಅತ್ತೆ ಮಾವನಿಗೆ ಹೇಳಿದ ಮಾತುಗಳನ್ನು ನಾನು ಅಣಕಿಸಬಲ್ಲೆ, ಬರೆಯಲಾರೆ.

ಇನ್ನು ಪುಸ್ತಕಕ್ಕೆ ಬರೋಣ. ಅದು ನನಗೆ ಬಂದದ್ದು ಬಹುಮಾನವಾಗಿ. ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಗೆ ಬಂದ ದಿನ ನಾನು ಪಾಠವನ್ನು ಅವರದೇ ಧ್ವನಿಯಲ್ಲಿ ಓದಿದೆ. ತಮ್ಮ ಧ್ವನಿ ತಮಗೇ ತಿಳಿಯದೆ ಅವರು "ಉಚ್ಚಾರಣೆ ಬಹಳ ಶುದ್ಧ" ಎಂದು ಮೆಚ್ಚಿ, ಚೀಲದಿಂದ ಒಂದು ಪುಸ್ತಕ ತೆಗೆದು ಕೊಟ್ಟರು. ಅದರ ರಟ್ಟು ಹರಿದು ಹೆಸರು ಹಾರಿಹೋಗಿತ್ತು. ಇಂಗ್ಲಿಷಿನಿಂದ ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತಂದದ್ದು. ಥಾಮಸ ಎಂಬ ಬಿಳಿಯ ಹುಡುಗ ಹೊಲಮನೆಯಲ್ಲಿ ಬೆಳೆದು ದೊಡ್ಡವನಾಗುವ ಕಥೆ. ಪ್ರತಿ ಅಧ್ಯಾಯದಲ್ಲೂ ಅವನು ಒಂದು ತಪ್ಪು ಮಾಡುತ್ತಾನೆ, ಅಳುತ್ತಾನೆ. ಅವನ ತಂದೆ ಅವನನ್ನು ಬೇಲಿಯ ಮೇಲೆ ಕೂರಿಸಿಕೊಂಡು ಒಂದು ನೀತಿ ಹೇಳುತ್ತಾನೆ. ಹದಿನೆಂಟು ಅಧ್ಯಾಯ, ಹದಿನೆಂಟು ನೀತಿ. ನಮ್ಮ ಕಡೆಯ ಬೇಲಿ ಜಾಲಿಮುಳ್ಳಿನದು. ಅದರ ಮೇಲೆ ಕುಳಿತು ನೀತಿ ಕೇಳುವುದು ಹೇಗೆಂದು ಮಾವ ಬಹಳ ದಿನ ಯೋಚಿಸಿದರು.

ಮಾವನಿಗೆ ಅಕ್ಷರ ಬಾರದು. ದಿನಾ ಸಂಜೆ ಎತ್ತು ಕಟ್ಟಿ, ಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು ಜಗಲಿಗೆ ಬಂದು ಕೂರುವರು, ನಾನು ಓದಬೇಕು. ಥಾಮಸ ಎಂಬ ಹೆಸರು ಅವರ ಕಿವಿ ಮುಟ್ಟುವಷ್ಟರಲ್ಲಿ ತಮ್ಮಯ್ಯ ಆಯಿತು. ಒಂದು ವಾರದಲ್ಲಿ ತಮ್ಮಯ್ಯ ಮನೆಯವನೇ ಆದ. "ತಮ್ಮಯ್ಯ ಉಂಡ್ನೇನೋ?" ಎಂದು ಮಾವ ಕೇಳುವರು. ಉಂಡ ಎನ್ನುವ ತನಕ ತಾವು ಊಟಕ್ಕೆ ಏಳುತ್ತಿರಲಿಲ್ಲ. ಏನು ಉಂಡ ಎಂಬುದು ಮಾತ್ರ ನನಗೆ ಪೇಚಿನ ವಿಷಯವಾಗಿತ್ತು. ಆ ಮನೆಯವರು ಹಬ್ಬಕ್ಕೆ ಬಾತುಕೋಳಿ ಕೊಯ್ಯುತ್ತಾರೆ, ಹಂದಿಯ ತೊಡೆಯನ್ನು ಹೊಗೆಗೆ ಕಟ್ಟುತ್ತಾರೆ. ಇದನ್ನು ಇದ್ದಂತೆ ಓದಿದರೆ ವಿಭೂತಿ ಹಚ್ಚಿಕೊಂಡ ನಮ್ಮ ಮಾವ ತಮ್ಮಯ್ಯನನ್ನು ಅಂದೇ ಜಗಲಿಯಿಂದ ಇಳಿಸುತ್ತಿದ್ದರು. ಆದ್ದರಿಂದ ಬಾತುಕೋಳಿ ನನ್ನ ಬಾಯಲ್ಲಿ ಶೇಂಗಾ ಹೋಳಿಗೆಯಾಯಿತು, ಹಂದಿಯ ತೊಡೆ ಕುಂಬಳಕಾಯಿ ಆಯಿತು. ಹೀಗೆ ಇಡೀ ಒಂದು ಕುಟುಂಬವನ್ನು ನಾನು ಯಾವ ಮಠದ ಸಹಾಯವೂ ಇಲ್ಲದೆ ಸನ್ಮಾರ್ಗಕ್ಕೆ ತಂದೆ!

ಒಂದು ಸಂಜೆ ಹಿಮ ಬೀಳುವ ಅಧ್ಯಾಯ ಬಂತು.

"ಹಿಮ ಅಂದ್ರೆ ಏನಲೇ?" ಎಂದರು ಮಾವ.

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ಬಹುಮಾನ ಪಡೆದವನಿಗೆ ಬಾಯಿ ಬರುತ್ತದೆಯೇ? "ಆಕಾಶದಿಂದ ಬೆಳ್ಳಗೆ ಉದುರ್ತೈತಂತೆ ಮಾವ, ಜೋಳದ ಹಿಟ್ಟಿನಂಗೆ" ಎಂದೆ.

ಮಾವ ಕತ್ತೆತ್ತಿ ನಮ್ಮ ಆಕಾಶವನ್ನು ಬಹಳ ಹೊತ್ತು ನೋಡಿದರು. "ತಮ್ಮಯ್ಯನ ಊರೋರು ಪುಣ್ಯವಂತರು ಕಣಲೇ. ಬೀಸೋ ಕೆಲ್ಸನೂ ಇಲ್ಲ" ಎಂದರು.

ಆ ಕ್ಷಣದಲ್ಲಿ ನನಗೆ ಜ್ಞಾನೋದಯವಾಯಿತು. ನಾನು ಏನು ಹೇಳುತ್ತೇನೋ ಅದೇ ಪುಸ್ತಕ! ಮಾರನೆಯ ಸಂಜೆಯ ಅಧ್ಯಾಯದಲ್ಲಿ, ಹುಡುಗನಾದವನು ಸೂರ್ಯ ಹುಟ್ಟುವ ಮೊದಲೇ ಎದ್ದು ಕೊಟ್ಟಿಗೆ ಗುಡಿಸಬೇಕೆಂಬ ನೀತಿ ಇತ್ತು. ಕಣ್ಣು ಅದನ್ನು ನೋಡಿತು, ಮರುದಿನದ ಬೆಳಗನ್ನು ನೆನೆಯಿತು. ನಾಲಗೆ ತಾನಾಗಿಯೇ ದಾರಿ ಬದಲಿಸಿತು. "ಕೊಟ್ಟಿಗೆಯ ಪ್ರಾಣಿಗಳಿಗೆ ಬೆಳಗಾಗೆದ್ದು ಮನೆಯ ಯಜಮಾನನೇ ಹೆಸರು ಹಿಡಿದು ನಮಸ್ಕಾರ ಹೇಳತಕ್ಕದ್ದು. ಬೆಳೆಯುವ ಮಕ್ಕಳು ಬಿಸಿಲು ಬರುವವರೆಗೆ ಮಲಗಿರತಕ್ಕದ್ದು" ಎಂದು ಇನ್‌ಸ್ಪೆಕ್ಟರ ಧ್ವನಿಯಲ್ಲಿ ಓದಿದೆ.

ಮರುದಿನ ನಸುಕಿನಲ್ಲಿ ಕಂಬಳಿಯೊಳಗಿಂದ ಕೇಳುತ್ತೇನೆ, ಕೊಟ್ಟಿಗೆಯಲ್ಲಿ ಮಾವನ ಗಂಭೀರವಾದ ಧ್ವನಿ: "ಶರಣು ಕಾಳವ್ವ. ನಿದ್ದೆ ಆಯ್ತಾ?"

ನಗು ತಡೆಯಲು ಕಂಬಳಿಯ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಆದರೆ ನಡೆದದ್ದು ಕೇಳಿ. ಹಾಲು ಕರೆಯುವಾಗ ದಿನಾ ಅತ್ತೆಯ ಚೊಂಬನ್ನು ಒದೆಯುತ್ತಿದ್ದ ಕಾಳಿ, ಮೂರನೆಯ ದಿನದಿಂದ ಒದೆಯುವುದನ್ನು ಬಿಟ್ಟಿತು! ನಾಲ್ಕನೆಯ ದಿನ ಪಕ್ಕದ ಮನೆಯವರು ಬಂದು, ಅದೇನು ಮಂತ್ರವೆಂದು ವಿಚಾರಿಸಿಕೊಂಡು ಹೋದರು. ಹದಿನೈದು ದಿನದಲ್ಲಿ ಆ ಬೀದಿಯ ಎಲ್ಲ ಕೊಟ್ಟಿಗೆಗಳಲ್ಲೂ ಶರಣು ಶರಣು ಎಂಬ ಘೋಷ. ಸುಳ್ಳು ಹೇಳಿ ಸಿಕ್ಕಿಬೀಳುವವರನ್ನು ನೀವು ನೋಡಿದ್ದೀರಿ. ಸುಳ್ಳು ಹೇಳಿ, ಅದು ನಿಜವಾಗಿ ಹೋಗಿ, ತಾನೇ ಬೆಪ್ಪಾಗಿ ನಿಂತವನನ್ನು ನೋಡಿದ್ದೀರಾ?

ಆಮೇಲೆ ನನ್ನನ್ನು ಹಿಡಿಯುವವರು ಯಾರು? ಪುಸ್ತಕದಲ್ಲೊಂದು ಬೆದರುಗೊಂಬೆಯ ಚಿತ್ರವಿತ್ತು. ನಮ್ಮ ಬೆದರುಗೊಂಬೆ ಎಂದರೆ ಒಂದು ಕೋಲು, ಒಂದು ಕರಿ ಮಡಕೆ, ಅದಕ್ಕೆ ಸುಣ್ಣದ ಎರಡು ಬೊಟ್ಟು. ಅಲ್ಲಿಯದಕ್ಕೆ ಕೋಟು, ಟೋಪಿ! ನಾನು ಚಿತ್ರ ತೋರಿಸಿ, "ಬೆದರುಗೊಂಬೆಗೆ ಯಜಮಾನನು ತನ್ನ ಅತ್ಯುತ್ತಮ ಉಡುಪನ್ನೇ ತೊಡಿಸತಕ್ಕದ್ದು, ಬಡವನಿಗೆ ಹಕ್ಕಿಗಳೂ ಹೆದರುವುದಿಲ್ಲ" ಎಂದು ಓದಿದೆ. ಮರುದಿನ ಮಾವನ ಮದುವೆಯ ಕರಿ ಕೋಟೂ ಜರಿ ರುಮಾಲೂ ಜೋಳದ ಹೊಲದ ನಡುವೆ ನಿಂತವು. ಅಂದು ಸಂಜೆ ಶೇಕ್‌ದಾರರು ಕುದುರೆಯ ಮೇಲೆ ಆ ದಾರಿಯಾಗಿ ಬಂದರು. ಹೊಲದಲ್ಲಿ ಜರಿ ರುಮಾಲು ಸುತ್ತಿದ ದೊಡ್ಡ ಮನುಷ್ಯ ಎರಡು ಕೈ ಚಾಚಿ ನಿಂತದ್ದನ್ನು ಕಂಡು, ಅಪ್ಪಿಕೊಳ್ಳಲು ಕರೆಯುತ್ತಿದ್ದಾನೆಂದು ತಿಳಿದು, ಯಾರು ಎಂದು ಕೇಳಿದರು. ಉತ್ತರವಿಲ್ಲ. ಮತ್ತೆ ಕೇಳಿದರು. ಉತ್ತರವಿಲ್ಲ. ಸೀದಾ ಊರೊಳಗೆ ಬಂದು, "ನಿಮ್ಮೂರಲ್ಲಿ ಸರ್ಕಾರದವರಿಗೆ ಕೈ ಕೂಡ ಮುಗಿಯದಷ್ಟು ಗರ್ವ ಯಾರಿಗ್ರಪ್ಪ?" ಎಂದು ಚಾವಡಿಯಲ್ಲಿ ರೇಗಿದರು. ಮಾವ ಕೈಮುಗಿದುಕೊಂಡು ಎದ್ದು ನಿಂತು, "ಅದು ನನ್ನ ಕೋಟು, ಬುದ್ಧಿ. ನಾನು ಇಲ್ಲಿದೀನಿ" ಎಂದರು.

ಪುಸ್ತಕದ ಜನಪ್ರಿಯತೆ ಹೆಚ್ಚಿದಂತೆ ನನ್ನ ಸ್ವಾರ್ಥವೂ ಹೆಚ್ಚಿತು. ಹೊಲದಲ್ಲಿ ಬೆಳೆಯುವ ಹುಡುಗನಿಗೆ ದಿನಾ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಕೊಡಬೇಕೆಂಬ ನೀತಿ ಬಂತು. ಅದಾಗಿ ಎಂಟು ದಿನಕ್ಕೆ, ನಿಂಬೆಹಣ್ಣು ಎಂದರೆ ಗಜನಿಂಬೆ ಎಂಬ ತಿದ್ದುಪಡಿ ಬಂತು. ಸೋಮವಾರ ಬಸವಣ್ಣನಿಗೆ ವಿರಾಮವಿರುವಂತೆ ಹುಡುಗರಿಗೂ ಇರಬೇಕೆಂದು ತಮ್ಮಯ್ಯನ ತಂದೆ ಬೇಲಿಯ ಮೇಲೆ ಕುಳಿತು ಅಪ್ಪಣೆ ಕೊಡಿಸಿದ. ಮಾವ ಎಲ್ಲಕ್ಕೂ ತಲೆದೂಗಿದರು. ಅತ್ತೆ ಮಾತ್ರ ಒಳಗಿನಿಂದ ಬಂದು, ಬಾಗಿಲ ಚೌಕಟ್ಟಿಗೆ ಒರಗಿ, ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಆ ಪುಸ್ತಕದ ನೀತಿಯೆಲ್ಲ ನಿನ್ನ ಹೊಟ್ಟೆ ಕಡೀಗೇ ಹರೀತಾವಲ್ಲೋ, ಮಾರಿಕಣಿವೆ ನಾಲೆ ಹರಿದಂಗೆ."

"ನಾನೇನು ಮಾಡ್ಲಿ ಅತ್ತೆ, ಅಚ್ಚಾಗೈತೆ" ಎಂದೆ.

ಮಧ್ಯೆ ಒಂದು ಅಧ್ಯಾಯವನ್ನು ಮಾತ್ರ ನಾನು ಎಂದೂ ಓದುತ್ತಿರಲಿಲ್ಲ. ಎರಡು ಹಾಳೆ ಒಟ್ಟಿಗೆ ಹಿಡಿದು ಮಗುಚಿಬಿಡುತ್ತಿದ್ದೆ. ಅದರ ತಲೆಬರಹ, 'ಸುಳ್ಳು ಹೇಳಿದ ಹುಡುಗ'.

ಇನ್ನು ಬಾವಿಯ ಪ್ರಕರಣ. ಊರಲ್ಲಿ ಬಯಲಾಟದ ಮೇಳ ಕಟ್ಟಿದ್ದರು. ನನಗೆ ಅದರಲ್ಲಿ ಕೋಡಂಗಿಯ ಪಾತ್ರ. (ಪಾತ್ರಕ್ಕೆ ತಯಾರಿಯೇ ಬೇಡ, ಹೀಗೇ ಬಾ ಎಂದಿದ್ದರು.) ಮೇಳ ಧರ್ಮಪುರಕ್ಕೆ ಹೊರಟ ಸಂಜೆ, ಗಾಡಿ ಬೀದಿಯಲ್ಲಿ ಕಾಯುತ್ತಿದೆ, ಮಾವ ಇನ್ನೊಂದು ಅಧ್ಯಾಯ ಓದು ಎನ್ನುತ್ತಾರೆ. ನಾನು ಅವಸರಕ್ಕೆ ಪುಸ್ತಕ ಬಿಚ್ಚಿ, "ತಮ್ಮಯ್ಯನು ನೀರು ಸೇದಲು ಹೋಗಿ ಕಾಲು ಜಾರಿ ಬಾವಿಯಲ್ಲಿ ಬಿದ್ದನು. ಇಲ್ಲಿಗೆ ಅಧ್ಯಾಯ ಮುಗಿಯಿತು" ಎಂದು ಒಂದೇ ಉಸಿರಿಗೆ ಹೇಳಿ, ಪುಸ್ತಕವನ್ನು ಮಾವನ ತೊಡೆಯ ಮೇಲಿಟ್ಟು ಗಾಡಿಗೆ ಹಾರಿದೆ.

ಎರಡು ದಿನ ಕಳೆದು ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನಿಮ್ಮ ಮಾವ ಸರಿಯಾಗಿ ಉಂಡಿಲ್ಲ. ಹೊಲಕ್ಕೂ ಹೋಗಿಲ್ಲ. ಹೋಗಿ ಆ ಹುಡುಗನ್ನ ಮೊದ್ಲು ಎತ್ತು" ಎಂದರು.

ಮಾವ ಜಗಲಿಯ ಮೇಲೆ ನಾನು ಬಿಟ್ಟುಹೋದ ಜಾಗದಲ್ಲೇ ಇದ್ದರು. ತೊಡೆಯ ಮೇಲೆ ಪುಸ್ತಕ, ಅದೂ ತಲೆಕೆಳಗಾಗಿ. ನಮ್ಮೂರಲ್ಲಿ ತಡವರಿಸದೆ ಪುಸ್ತಕ ಓದಬಲ್ಲವರು ಮೂವರೇ. ಶಾನುಭೋಗರು ಕಂದಾಯದ ಜಮಾಬಂದಿಗೆಂದು ಹಿರಿಯೂರಿಗೆ ಹೋಗಿದ್ದರು. ಮೇಷ್ಟ್ರು ಎರಡು ದಿನದ ರಜೆಗೆ ತಮ್ಮ ಊರಿಗೆ ಹೋಗಿದ್ದರು. ಮೂರನೆಯವನು ಮುಖಕ್ಕೆ ಬಣ್ಣ ಬಳಿದುಕೊಂಡು ಧರ್ಮಪುರದಲ್ಲಿ ಕುಣಿಯುತ್ತಿದ್ದ.

"ಎಲ್ಲಿಗೆ ಹೋಗಿದ್ದೆಲೇ? ಹುಡುಗ ಬಾವಿಯಾಗೆ ಅವ್ನೆ" ಎಂದರು ಮಾವ. ಗದರಿಸಲೂ ಇಲ್ಲ.

ನಾನು ಪುಸ್ತಕ ಕಸಿದುಕೊಂಡು, ಯಾವುದೋ ಪುಟ ತೆಗೆದು, ಓದತೊಡಗಿದೆ. ಹಗ್ಗ ಬಂತು, ದೀಪ ಬಂತು, ಜನ ಬಂದರು, ತಮ್ಮಯ್ಯ ಮೇಲೆ ಬಂದ.

"ಯಾರು ಎತ್ತಿದ್ರು?"

ಅವನ ತಂದೆ ಎನ್ನಬೇಕೆಂದು ಬಾಯಿ ತೆರೆದವನು ಮಾವನ ಮುಖ ನೋಡಿದೆ. "ಅವನ ಮಾವ" ಎಂದೆ.

"ಅವನಿಗೂ ಮಾವ ಅವ್ನಾ? ಇಷ್ಟು ದಿನ ಇರಲಿಲ್ಲ."

"ಈ ಅಧ್ಯಾಯದಾಗೆ ಬಂದ್ರು."

ಮಾವ ಟವಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಳ್ಳಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ಆಮೇಲೆ ಹೇಳಿದರು: "ಎರಡು ದಿನ ಪುಸ್ತಕ ನನ್ನ ತೊಡೆ ಮ್ಯಾಲೇ ಇತ್ತು ಕಣಪ್ಪ. ಹುಡುಗ ಅದರೊಳಗೆ ಮುಳುಗ್ತಿದ್ದ. ಒಂದು ಹಾಳೆ ತಿರುವಿ ಎತ್ತಾಕೆ ನನಗೆ ಬರಲಿಲ್ಲ. ಇನ್ನು ಹಿಂಗಿರಾಕಾಗಲ್ಲ. ನಾಳೆ ಶಾಲೆಗೆ ಇಬ್ರೂ ಹೋಗಾಣ."

ಹೀಗೆ ನಲವತ್ತೈದು ವರ್ಷದ ನಮ್ಮ ಮಾವ, ಮೀಸೆಯ ಸಮೇತ, ಒಂದನೆಯ ತರಗತಿಗೆ ಸೇರಿದರು! ಒಪ್ಪೊತ್ತು ಹೊಲ, ಒಪ್ಪೊತ್ತು ಶಾಲೆ. ಆರು ವರ್ಷದ ಚಿಳ್ಳೆಗಳ ಸಾಲಿನಲ್ಲಿ ಮಣ್ಣಿನ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತರೆ, ಕೋಳಿಮರಿಗಳ ನಡುವೆ ಬಸವಣ್ಣ ಮಲಗಿದಂತೆ ಕಾಣುತ್ತಿತ್ತು. ಮೇಷ್ಟ್ರಿಗೆ ಗೌಡರನ್ನು ನೆಲದ ಮೇಲೆ ಕೂರಿಸಲು ಸಂಕೋಚ, ಎದ್ದು ನಿಲ್ಲಿಸಲು ಇನ್ನೂ ಸಂಕೋಚ. ಮಾವನಿಗೆ ಯಾವ ಸಂಕೋಚವೂ ಇಲ್ಲ. ಬೋರ್ಡಿನ ಮೇಲೆ 'ಠ' ಬರೆದದ್ದನ್ನು ನೋಡಿ, ಇದೊಂದು ನನಗೆ ಮೊದಲೇ ಗೊತ್ತೆಂದರು. ದುಂಡಗೆ ಬಳಿದ ಕಣ, ನಡುವೆ ಎತ್ತು ಕಟ್ಟುವ ಮೇಟಿ. ಅಲ್ಲ ಗೌಡ್ರೇ ಅದು ಠ ಎಂದರೆ, ಇರಬಹುದು, ನಿಮ್ಮ ಕಡೆ ಕಣಕ್ಕೆ ಹಂಗಂತಾರೇನೋ ಎಂದರು.

ಅಕ್ಷರವಾದರೂ ಹೋಗಲಿ. ಎಣಿಕೆಯ ದಿನ ಮೇಷ್ಟ್ರು ಸೋತರು. ಗೋಲಿಗಳನ್ನು ಮುಂದಿಟ್ಟು ಎಣಿಸಿ ಎಂದರೆ ಮಾವ ಗಟ್ಟಿಯಾಗಿ "ಲಾಭ, ಎರಡು, ಮೂರು" ಎಂದರು. ಹಿಂದೆಯೇ ಇಡೀ ಶಾಲೆ "ಲಾಭ, ಎರಡು, ಮೂರು" ಎಂದು ಕೂಗಿತು. ಎಲ್ಲವೂ ಬೇಸಾಯದ ಮನೆಯ ಮಕ್ಕಳೇ! ಏಳಕ್ಕೆ 'ಹೆಚ್ಚು' ಎಂಬ ಘೋಷ ಚಾವಡಿಯವರೆಗೆ ಕೇಳಿತು.

"ಒಂದು ಅನ್ನಿ ಗೌಡ್ರೇ. ಸರ್ಕಾರದ ಗಣಿತದಲ್ಲಿ ಲಾಭ ಇಲ್ಲ" ಎಂದು ಮೇಷ್ಟ್ರು ಮೂಗಿನಲ್ಲಿ ಬೇಡಿಕೊಂಡರು.

"ಬಾಯಾಗೆ ಬರಲ್ಲ ಮೇಷ್ಟ್ರೇ. ಒಂದು ಅಂದ್ರೆ ಅದು ಅಲ್ಲಿಗೇ ನಿಂತೋಗ್ತೈತೆ, ಒಂಟಿಯಾಗಿ. ಲಾಭ ಅಂದ್ರೆ ಮನೆ ತುಂಬಿದಂಗೆ ಇರ್ತೈತೆ."

ಮೇಷ್ಟ್ರು ಬೆತ್ತ ಎತ್ತಿದರು, ಯಾರಿಗೆ ಹೊಡೆಯುವುದೆಂದು ತಿಳಿಯದೆ ಮೇಜಿಗೆ ಹೊಡೆದರು.

ನಾನು ಇದನ್ನೆಲ್ಲ ಅಣಕಿಸಿ ಊರನ್ನು ನಗಿಸುತ್ತಿದ್ದೆ. ಆದರೆ ನಿಜ ಹೇಳಲೇ? ಮಾವ ಕಲಿತ ಒಂದೊಂದು ಅಕ್ಷರವೂ ನನ್ನ ಪೆಟ್ಟಿಗೆಯನ್ನು ಹೊಳಲ್ಕೆರೆಯ ಕಡೆಗೆ ಒಂದೊಂದು ಮಾರು ತಳ್ಳುತ್ತಿತ್ತು. ಮಾವನಿಗೆ ಒತ್ತಕ್ಷರ ಬಂದ ದಿನ ನನಗೆ ಬೆಣ್ಣೆ ಸೇರಲಿಲ್ಲ. ಪುಸ್ತಕವನ್ನು ಒಯ್ದು ಹುಲ್ಲಿನ ಬಣವೆಯೊಳಗೆ ತುರುಕಿದೆ. ಮಧ್ಯಾಹ್ನಕ್ಕೆ ಮಾವ ಅದನ್ನು ಎತ್ತಿನ ಬಾಯಿಂದ ಬಿಡಿಸಿಕೊಂಡು ಬಂದು, "ಇವನಿಗೂ ಓದಿನ ರುಚಿ ಹತ್ತೈತೆ ನೋಡಲೇ" ಎಂದು ಸಂತೋಷಪಟ್ಟರು. ಕಡೆಯ ಹಾಳೆಯ ಒಂದು ಮೂಲೆ ಹೋಗಿತ್ತು, ಅಷ್ಟೇ. ಆ ಎತ್ತು ಇನ್ನಷ್ಟು ವಿದ್ಯಾಪ್ರೇಮಿಯಾಗಿರಬಾರದಿತ್ತೇ ಎಂದು ನಾನು ಮರುಗಿದೆ.

ಕೊನೆಗೊಂದು ದಿನ ಮಾವ ತಾವೇ ಪುಸ್ತಕ ತೆಗೆದುಕೊಂಡು ಜಗಲಿಯಲ್ಲಿ ಕುಳಿತರು. ಅಕ್ಷರದ ಕೆಳಗೆ ಬೆರಳಿಟ್ಟು, ಕೂರಿಗೆ ಹಿಡಿದು ಸಾಲು ಬಿತ್ತುವವರಂತೆ, ಒಂದು ಸಾಲು ಮುಗಿಸಿ ತಿರುಗಿ ಇನ್ನೊಂದು ಸಾಲಿಗೆ ಬರುವರು. ಸಾಲು ತಿರುಗುವಾಗ ಬಾಯಲ್ಲಿ "ಹೋ" ಎಂಬ ಶಬ್ದವೂ ಬರುತ್ತಿತ್ತು. ಮೊದಲ ಅಧ್ಯಾಯ ಎಂಟು ದಿನ ತೆಗೆದುಕೊಂಡಿತು. ಆಮೇಲೆ ಚುರುಕಾದರು. ಒಳಗೆ ಕುಳಿತ ನನಗೆ ಒಂದೊಂದೂ ಕೇಳುತ್ತಿತ್ತು. "ಬಾ... ತು... ಕೋ... ಳಿ." ಮತ್ತೆ ಮೊದಲಿನಿಂದ ಓದಿದರು. ಹಂದಿಯ ತೊಡೆ ಬಂದ ದಿನ ಮಾವ ಎದ್ದುಹೋಗಿ ಮುಖ ತೊಳೆದುಕೊಂಡು, ಮತ್ತೆ ವಿಭೂತಿ ಹಚ್ಚಿಕೊಂಡು ಬಂದು ಕುಳಿತರು. ಬೆಣ್ಣೆ ಬರಬೇಕಾದ ಪುಟದಲ್ಲಿ ಬೆಣ್ಣೆ ಬರಲಿಲ್ಲ. ಶರಣು ಬರಬೇಕಾದಲ್ಲಿ ಶರಣು ಬರಲಿಲ್ಲ. ಆಮೇಲೆ, ನಾನು ಸದಾ ಮಗುಚುತ್ತಿದ್ದ ಎರಡು ಹಾಳೆಗಳು ಬಿಡಿಸಿಕೊಂಡವು.

"ಸು... ಳ್ಳು... ಹೇ... ಳಿ... ದ..."

ಆ ಅಧ್ಯಾಯವನ್ನು ಮಾವ ಮೂರು ದಿನ ಓದಿದರು. ಅಷ್ಟು ನಿಧಾನವಾಗಿ ಯಾರೂ ಯಾರನ್ನೂ ಬೈದಿರಲಾರರು!

ಹದಿನೆಂಟೂ ಮುಗಿದ ಸಂಜೆ ಮಾವ ನನ್ನನ್ನು ಕರೆದರು. ಪುಸ್ತಕ ಮುಚ್ಚಿ ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಬೆಣ್ಣೆಯ ಮಾತೆತ್ತಲಿಲ್ಲ, ಮದುವೆಯ ಕೋಟಿನ ಮಾತೆತ್ತಲಿಲ್ಲ.

"ಇದ್ರಾಗೆ ಆ ಹುಡುಗನಿಗೆ ಮಾವನೇ ಇಲ್ಲವಲ್ಲೋ" ಎಂದರು.

ನನ್ನ ಗಂಟಲಲ್ಲಿ ವಾಸವಾಗಿದ್ದ ಶಾನುಭೋಗರು, ಮೇಷ್ಟ್ರು, ಇನ್‌ಸ್ಪೆಕ್ಟರು, ಎಮ್ಮೆ, ಎಲ್ಲರೂ ಒಟ್ಟಿಗೆ ಖಾಲಿ ಮಾಡಿಕೊಂಡು ಹೋದರು. ಮಾವ ಪುಸ್ತಕವನ್ನು ಗೂಡಿನಲ್ಲಿಟ್ಟು ಎದ್ದುಹೋದರು.

ಮೂರು ದಿನ ಮಾವ ಮಾತಾಡಲಿಲ್ಲ. ಕಾಳಿಗೆ ಮಾತ್ರ ಶರಣು ತಪ್ಪಲಿಲ್ಲ. ಪುಸ್ತಕದಲ್ಲಿ ಇಲ್ಲವೆಂದು ತಿಳಿದ ಮೇಲೂ! ನಾನು ಯಾರೂ ಹೇಳದೆ ಸೂರ್ಯ ಹುಟ್ಟುವ ಮೊದಲೇ ಎದ್ದು ಕೊಟ್ಟಿಗೆ ಗುಡಿಸಿದೆ. ಬೆಣ್ಣೆಯನ್ನು ಅತ್ತೆಯ ಕಡೆಗೆ ಸರಿಸಿದೆ. ಅತ್ತೆ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು. ಅದೇ ವಾರ ಸರ್ಕಾರದ ಖಾನೇಷುಮಾರಿ ಬಂತು. ಜನರನ್ನು ಎಣಿಸುವುದಕ್ಕೆ ಮುಂಚೆ ಮನೆಗಳಿಗೆ ಕೆಮ್ಮಣ್ಣಿನಲ್ಲಿ ನಂಬರು ಬರೆದುಹೋದರು. ನಮ್ಮ ಗೋಡೆಗೆ ಬಿದ್ದದ್ದು ೭. ಮಾವ ಅದರ ಮುಂದೆ ನಿಂತು ಓದಿದರು, "ಹೆಚ್ಚು." ನನಗೆ ಮಾತ್ರ ಅದು ಸ್ಪಷ್ಟವಾಗಿ ಇನ್ನೊಂದೇ ಹೇಳಿತು: ಏಳು, ಪೆಟ್ಟಿಗೆ ಎತ್ತು.

ಎತ್ತಿದೆ. ಎರಡು ಅಂಗಿ, ಒಂದು ಪಂಚೆ, ಕೋಡಂಗಿಯ ಟೋಪಿ. ಕಳಿಸುವ ಮಾತನ್ನು ಮಾವನ ಬಾಯಿಂದ ಕೇಳುವುದಕ್ಕಿಂತ ನಾನೇ ಹೋಗುವುದು ವಾಸಿ ಎಂದು, ನಾಲ್ಕನೆಯ ದಿನ ಬೆಳಿಗ್ಗೆ ಪೆಟ್ಟಿಗೆ ಹೊತ್ತು ನಡುಮನೆಯ ಬಾಗಿಲಿಗೆ ಬಂದೆ. ಬಂದರೆ, ಜಗಲಿಯಲ್ಲಿ ಮೇಷ್ಟ್ರು! ಖಾನೇಷುಮಾರಿಯ ಎಣಿಕೆಗೆ ನಮ್ಮೂರಲ್ಲಿ ಅವರನ್ನೇ ನೇಮಿಸಿದ್ದರು. ಮಾವ "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದರು. ನಾನು ಪೆಟ್ಟಿಗೆಯೊಂದಿಗೆ ಬಾಗಿಲಿನ ಹಿಂದೆ ಸಿಕ್ಕಿಕೊಂಡೆ.

ಮೇಷ್ಟ್ರು ದೊಡ್ಡ ಕಾಗದ ಬಿಚ್ಚಿ ಒಂದೊಂದೇ ಕೇಳಿ ಬರೆದುಕೊಂಡರು. ಹೆಸರು, ವಯಸ್ಸು, ಕಸುಬು. ಓದು ಬರಹ ಬರುತ್ತದೆಯೇ ಎಂಬ ಖಾನೆ ಬಂದಾಗ ಲೇಖನಿ ನಿಲ್ಲಿಸಿ ಮಾವನ ಮುಖ ನೋಡಿ ನಕ್ಕರು.

"ಬರ್ತೈತೆ" ಎಂದರು ಮಾವ. ಆಮೇಲೆ, "ಬರದೇ ಇದ್ದಿದ್ರೂ ನಡೀತಿತ್ತು" ಎಂದರು.

ನಾನು ತಗಡಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡೆ. ಮೇಷ್ಟ್ರು ಅತ್ತೆಯ ವಿವರ ಬರೆದುಕೊಂಡರು. ಆಮೇಲೆ ನನ್ನ ಸಾಲಿಗೆ ಬಂದು, ಹುಡುಗ ಏನು ಮಾಡುತ್ತಾನೆಂದು ಬರೆಯಲಿ ಎಂದರು.

"ಓದ್ತಾನೆ. ಪುಸ್ತಕದಾಗೆ ಇರೋದು, ಇಲ್ದೇ ಇರೋದು, ಎರಡೂ ಓದ್ತಾನೆ."

ಒಳಗೆ ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡದ್ದು ನನಗೆ ಕಂಡಿತು. ಮೇಷ್ಟ್ರು ಅರ್ಥವಾಗದೆ ಬರೆದುಕೊಂಡು, "ಮಕ್ಕಳು ಇಲ್ಲ. ಅದು ಗೊತ್ತಿರುವುದೇ, ಸೊನ್ನೆ ಹಾಕುತ್ತೇನೆ" ಎಂದು ಲೇಖನಿ ಅದ್ದಿದರು.

"ತಡೀರಿ" ಎಂದರು ಮಾವ. "ಅವನು ಅಲ್ಲಿ ಬಾಗಿಲ ಹಿಂದೆ ಪೆಟ್ಟಿಗೆ ಹೊತ್ಕಂಡು ನಿಂತಾನಲ್ಲ, ಅವನನ್ನ ಯಾವ ಖಾನ್ಯಾಗೆ ಹಾಕಿದ್ರಿ?"

"ತಂಗಿಯ ಮಗ ಎಂದು ಹಾಕಿದೆ."

"ತಂಗಿ ಹೋಗಿ ಮೂರು ವರ್ಷ ಆತು. ಅವಳನ್ನ ಯಾಕೆ ಎಬ್ಬಿಸ್ತೀರಿ. ಆ ಮೊದಲನೇ ಮಾತು ಹೊಡೆದಾಕ್ರಿ." ಮಾವ ಮೇಷ್ಟ್ರ ಪಕ್ಕಕ್ಕೆ ಸರಿದು ಕುಳಿತರು. "ಸರಿಯಾಗಿ ಬರೀರಿ. ಏನು ಬರೀತೀರೋ ನಾನು ಓದ್ತೀನಿ."

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಕಾಗದದ ಮೇಲೆ ಬಗ್ಗಿ, 'ತಂಗಿಯ' ಎಂಬುದನ್ನು ಹೊಡೆದರು. ಪಕ್ಕದ ಮಕ್ಕಳ ಖಾನೆಯಲ್ಲಿ ಒಂದು ಅಂಕಿ ಹಾಕಿ ಕಾಗದವನ್ನು ಮಾವನ ಕಡೆ ತಿರುಗಿಸಿದರು.

ಮಾವ ಕೈಯನ್ನು ಪಂಚೆಗೆ ಒರೆಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟರು.

"ಮ" ಎಂದರು. "ಗ" ಎಂದರು.

ಬೆರಳು ಮುಂದೆ ಸರಿದು ಅಂಕಿಯ ಕೆಳಗೆ ನಿಂತಿತು. ಅಲ್ಲಿ ೧ ಎಂದು ಬರೆದಿತ್ತು. ಮಾವ ಅದನ್ನು, ಪಾಠಶಾಲೆಯಲ್ಲಿ ಒಪ್ಪಿಸುವಷ್ಟು ಗಟ್ಟಿಯಾಗಿ, ನನಗೂ ಕೇಳುವಂತೆ ಓದಿದರು.

"ಲಾಭ."